ಆ ಕಲ್ಲು ಯಾರದೋ ಸುತ್ತಿಗೆಯಾಗಿತ್ತೇ?

ನಾವಿನ್ನೂ ಪತ್ರಿಕೋದ್ಯಮ ಓದುತ್ತಿದ್ದ ದಿನಗಳ ಮಾತು. ಬೆಳೆ ವಿಮೆ ಬಗ್ಗೆ ಒಂದು ವರದಿ ಮಾಡಬೇಕೆಂದು ಎರಡು ಬೈಕಿನಲ್ಲಿ ಸುರಪುರ, ಹುಣಸಗಿ ಕಡೆ ಸುತ್ತುತ್ತಿದ್ದೆವು. ಮಧ್ಯಾಹ್ನ ಒಂದು ಹೊಲದ ಅಂಚಿಗೆ ಬುತ್ತಿ ಬಿಚ್ಚಿ ಕೂತಾಗ, ಮಳೆನೀರು ಕೊರೆದ ಕೊರಕಲಿನಲ್ಲಿ ಒಂದು ಕಲ್ಲು ಕಣ್ಣಿಗೆ ಬಿತ್ತು. ಮುಷ್ಟಿಗಿಂತ ಸ್ವಲ್ಪ ದೊಡ್ಡದು, ಕಂದು ಬಣ್ಣ. ಮೈಯೆಲ್ಲ ನುಣುಪು, ಒಂದು ತುದಿ ಮಾತ್ರ ಸಿಡುಬು ಎದ್ದು ಮಾಗಿದ ಹಾಗೆ ಗುಳಿಗುಳಿ. ಕೈಯಲ್ಲಿ ಹಿಡಿದರೆ ಹೆಬ್ಬೆರಳು ತಾನಾಗಿಯೇ ಒಂದು ಕಡೆ ಹೋಗಿ ಕೂರುತ್ತಿತ್ತು.

ನಾವು ಅದನ್ನು ಬ್ಯಾಗಿಗೆ ಹಾಕಿಕೊಂಡೆವು. ರೂಮಿಗೆ ಬಂದು ಸೋಪು ಹಚ್ಚಿ ಉಜ್ಜಿ ತೊಳೆದೆವು. ಎರಡು ದಿನ ಬಿಟ್ಟು ಪುರಾತತ್ವ ಪಾಠ ಮಾಡುವ ಮೇಷ್ಟ್ರೊಬ್ಬರಿಗೆ ಕೊಂಡೊಯ್ದು ತೋರಿಸಿದೆವು. ಅವರು ಕಲ್ಲನ್ನು ತಿರುಗಿಸಿ ನೋಡಿದ್ದು ಕಡಿಮೆ, ಕೇಳಿದ್ದೇ ಹೆಚ್ಚು. ಎಲ್ಲಿ ಬಿದ್ದಿತ್ತು? ಕೊರಕಲಿನ ತಳದಲ್ಲೋ, ಗೋಡೆಯಲ್ಲಿ ಸಿಕ್ಕಿಕೊಂಡಿತ್ತೋ? ಪಕ್ಕದಲ್ಲಿ ಚಕ್ಕೆಗಳು ಇದ್ದವೋ? ಆ ಹೊಲದಲ್ಲಿ ಇದೇ ಜಾತಿಯ ಕಲ್ಲು ಬೇರೆ ಇತ್ತೋ? ತೊಳೆದೀರಾ?

ಒಂದಕ್ಕೂ ನಮ್ಮ ಬಳಿ ನೆಟ್ಟಗೆ ಉತ್ತರ ಇರಲಿಲ್ಲ, ಕೊನೆಯದಕ್ಕೆ ಬಿಟ್ಟು. ಮೇಷ್ಟ್ರು ಕಲ್ಲನ್ನು ವಾಪಸು ಕೊಟ್ಟರು. "ಕಲ್ಲು ತಂದೀರಿ, ಅದರ ಊರು ಅಲ್ಲೇ ಬಿಟ್ಟು ಬಂದೀರಲ್ಲ" ಅಂದರು.

ಅವರು ಯಾಕೆ ಹಾಗೆ ಕೇಳಿದರು ಎಂದು ತಿಳಿಯಲು ನಮಗೆ ಸುಮಾರು ದಿನ ಹಿಡಿಯಿತು. ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ಇದನ್ನು ಓದುವ ನಿಮ್ಮಲ್ಲಿ ಬಹಳ ಜನ ದಿನಾ ಹೊಲಕ್ಕೆ ಹೋಗುವವರು, ನಮಗಿಂತ ಹೆಚ್ಚು ಕಲ್ಲು ನೋಡಿದವರು.

ಶಿಲಾಯುಗ ಅಂದ ಕೂಡಲೇ ಶಾಲೆಯ ಪುಸ್ತಕದ ಚಿತ್ರ ನೆನಪಾಗುತ್ತದೆ. ಚೂಪಾಗಿ ಕೆತ್ತಿದ ಕೈಗೊಡಲಿ, ಬಾಣದ ಮೊನೆ. ಅಂಥವನ್ನು ಗುರುತಿಸುವುದು ಅಷ್ಟು ಕಷ್ಟವಲ್ಲ, ಯಾರೋ ಕೂತು ಮಾಡಿದ್ದು ಎಂದು ನೋಡಿದ ಕೂಡಲೇ ಅನಿಸುತ್ತದೆ. ಆದರೆ ಆ ಕೈಗೊಡಲಿಯನ್ನು ಕೆತ್ತಲು ಇನ್ನೊಂದು ಕಲ್ಲು ಬೇಕಿತ್ತಲ್ಲ? ಅದನ್ನು ಯಾರೂ ಕೆತ್ತಲಿಲ್ಲ. ಹಳ್ಳದಿಂದ ಎತ್ತಿಕೊಂಡು ಬಂದರು, ಹೊಡೆದರು, ಕೆಲಸ ಮುಗಿದ ಮೇಲೆ ಬಿಸಾಕಿದರು. ನಿಮ್ಮ ಮನೆಯಲ್ಲೂ ಅಂಥದ್ದೊಂದು ಇದ್ದೀತು. ಅವ್ವ ಹುಣಸೆ ಬೀಜ ಜಜ್ಜುವ ಗುಂಡು, ಗೂಟ ಹೊಡೆಯಲು ಇಟ್ಟುಕೊಂಡ ಕಲ್ಲು. ಆ ಮನೆ ಬಿದ್ದು ಮಣ್ಣಾಗಿ ಸಾವಿರ ವರ್ಷದ ನಂತರ ಯಾರಾದರೂ ಅಗೆದರೆ, ಆ ಗುಂಡು ಬರೀ ಕಲ್ಲಲ್ಲ ಎಂದು ಅವರಿಗೆ ಹೇಗೆ ಗೊತ್ತಾಗಬೇಕು?

ಕಷ್ಟ ಇರುವುದು ಇಲ್ಲೇ. ದೊಡ್ಡ ದೊಡ್ಡವರೂ ಇಲ್ಲಿ ಎಡವಿದ್ದಾರೆ.

ಸುಮಾರು ನೂರಿಪ್ಪತ್ತು ವರ್ಷದ ಹಿಂದೆ ಇಂಗ್ಲೆಂಡಿನಲ್ಲಿ ಬೆಂಜಮಿನ್ ಹ್ಯಾರಿಸನ್ ಎಂಬ ಹಳ್ಳಿ ಅಂಗಡಿಕಾರರು ಅಂಚು ಒಡೆದ ಕಲ್ಲುಗಳನ್ನು ರಾಶಿರಾಶಿ ಕೂಡಿಹಾಕಿದ್ದರು. ಇವು ಮನುಷ್ಯನ ಮೊಟ್ಟಮೊದಲ ಆಯುಧಗಳು ಎಂದು ವಾದಿಸಿದರು. ಅವಕ್ಕೆ 'ಇಯೋಲಿತ್' ಎಂಬ ಹೆಸರೂ ಬಿತ್ತು, ವಿದ್ವಾಂಸರಲ್ಲಿ ಎರಡು ಪಕ್ಷವಾಯಿತು. 1905ರಲ್ಲಿ ಫ್ರಾನ್ಸಿನ ಮಾರ್ಸೆಲಾನ್ ಬೂಲ್ ಒಂದು ಸಿಮೆಂಟ್ ಕಾರ್ಖಾನೆಯ ಕಡೆ ಬೊಟ್ಟು ಮಾಡಿದರು. ಅಲ್ಲಿ ಸೀಮೆಸುಣ್ಣದ ಮಣ್ಣನ್ನು ನೀರಲ್ಲಿ ಗರಗರ ತಿರುಗಿಸುವ ಯಂತ್ರದೊಳಗೆ ಸಿಕ್ಕ ಕಲ್ಲುಗಳೂ ಥೇಟ್ ಹಾಗೇ ಅಂಚು ಒಡೆದು ಬರುತ್ತಿದ್ದವು. ಯಂತ್ರ ಮಾಡುವುದನ್ನು ಹೊಳೆ ಮಾಡಲಾರದೇ, ಜಾರುವ ಮಣ್ಣು ಮಾಡಲಾರದೇ? ಹ್ಯಾರಿಸನ್ ಅವರನ್ನು ನೆನೆದರೆ ನಮಗೆ ಪಾಪ ಅನಿಸುತ್ತದೆ. ಶ್ರದ್ಧೆಗೇನೂ ಕೊರತೆ ಇರಲಿಲ್ಲ ಅವರಿಗೆ.

ಹಾಗಾದರೆ ಹೊಳೆ ಒಡೆದ ಕಲ್ಲು ಯಾವುದು, ಕೈ ಒಡೆದ ಕಲ್ಲು ಯಾವುದು?

ಮೊದಲು ಚಕ್ಕೆಯ ವಿಷಯ. ಗಟ್ಟಿಯಾದ, ಕಣ ಸಣ್ಣದಾದ ಕಲ್ಲಿನ ಅಂಚಿಗೆ ಇನ್ನೊಂದು ಕಲ್ಲಿನಿಂದ ಓರೆಯಾಗಿ ಹೊಡೆದರೆ ಚಕ್ಕೆ ಏಳುತ್ತದೆ. ಆ ಚಕ್ಕೆಯ ಒಳಮೈಯಲ್ಲಿ, ಪೆಟ್ಟು ಬಿದ್ದ ಜಾಗದ ಕೆಳಗೆ, ಒಂದು ಸಣ್ಣ ಉಬ್ಬು ಇರುತ್ತದೆ. ಬೆರಳಾಡಿಸಿದರೆ ಗೊತ್ತಾಗುತ್ತದೆ. ಕೆರೆಗೆ ಹರಳು ಎಸೆದಾಗ ಏಳುವ ಅಲೆಗಳ ಹಾಗೆ ಆ ಉಬ್ಬಿನಿಂದ ಬಳೆಬಳೆಯಾಗಿ ಗೆರೆಗಳು ಹರಡಿರುತ್ತವೆ. ಬಿಸಿಲಿಗೆ ಸೀಳಿದ ಕಲ್ಲಿಗೆ ಈ ಉಬ್ಬು ಇರುವುದಿಲ್ಲ. ಆದರೆ ಹೊಳೆಯಲ್ಲಿ ಬಂಡೆಗೆ ಬಡಿದು ಎದ್ದ ಚಕ್ಕೆಗೆ ಇರಬಹುದು. ಹಾಗಾಗಿ ಒಂದು ಚಕ್ಕೆ ನೋಡಿ ತೀರ್ಮಾನ ಮಾಡುವಂತಿಲ್ಲ. ಒಂದೇ ಅಂಚಿನ ಉದ್ದಕ್ಕೆ, ಒಂದರ ಪಕ್ಕ ಒಂದು, ಒಂದೇ ದಿಕ್ಕಿಗೆ ಹತ್ತಾರು ಚಕ್ಕೆ ಎಬ್ಬಿಸಿದ್ದರೆ ಆಗ ಮಾತು ಬೇರೆ. ಹೊಳೆಗೆ ಅಷ್ಟು ವ್ಯವಧಾನ ಇಲ್ಲ.

ಬಣ್ಣವನ್ನೂ ನೋಡಬೇಕು. ನೇಗಿಲಿನ ಕುಳ, ಟ್ರ್ಯಾಕ್ಟರಿನ ರೋಟವೇಟರ್ ತಾಗಿ ಒಡೆದ ಕಲ್ಲಿನ ಗಾಯ ಹಸಿಯಾಗಿ ಕಾಣುತ್ತದೆ, ಒಳಗಿನ ಬಣ್ಣ ಬೇರೆ, ಹೊರಗಿನ ಬಣ್ಣ ಬೇರೆ. ಸಾವಿರಾರು ವರ್ಷದ ಹಿಂದೆ ಒಡೆದದ್ದಾದರೆ ಗಾಯವೂ ಮಾಗಿ ಬಣ್ಣ ಕಟ್ಟಿರುತ್ತದೆ.

ಇನ್ನು ನಮ್ಮ ಕಲ್ಲಿನಂಥ ಉಂಡೆಗಳು. ಹಳ್ಳದ ಗುಂಡುಕಲ್ಲು ಉರುಳುತ್ತ ಹೋಗುವಾಗ ಎಲ್ಲ ಕಡೆಯೂ ಪೆಟ್ಟು ತಿನ್ನುತ್ತದೆ, ಎಲ್ಲ ಕಡೆಯೂ ಸವೆಯುತ್ತದೆ. ಆದರೆ ಕೈಯಲ್ಲಿ ಹಿಡಿದು ಹೊಡೆಯುವ ಕಲ್ಲು ಹಾಗಲ್ಲ. ಮನುಷ್ಯನ ಕೈಗೆ ಒಂದು ರೂಢಿ ಇದೆ. ಹಿಡಿಯುವ ಜಾಗ ಒಂದೇ, ಹೊಡೆಯುವ ತುದಿ ಒಂದೇ. ಕಲ್ಲೊಡೆಯುವ ಕೆಲಸ ಮಾಡಿದವರ ಸುತ್ತಿಗೆ ನೋಡಿ, ಸವೆದಿರುವುದು ಒಂದು ಮೂಲೆ. ಬೇಕೆಂದು ಯಾರೂ ಹಾಗೆ ಮಾಡುವುದಿಲ್ಲ, ಕೈ ತಾನಾಗಿ ಮಾಡುತ್ತದೆ. ಕೆತ್ತದ ಕಲ್ಲಿನಲ್ಲಿ ಮನುಷ್ಯನನ್ನು ಹುಡುಕುವವರು ಹುಡುಕುವುದು ಈ ರೂಢಿಯನ್ನೇ. ಒಂದೇ ಜಾಗದಲ್ಲಿ ಗುಂಪಾಗಿ ಬಿದ್ದ ಗುಳಿಗಳು, ಒಂದೇ ಮಗ್ಗುಲು ಚಪ್ಪಟೆಯಾದ ಸವಕಲು, ಒಂದೇ ದಿಕ್ಕಿಗೆ ಓಡುವ ಗೀರುಗಳು.

ಇಷ್ಟೇ ಸಾಕಾಗಿದ್ದರೆ ಮೇಷ್ಟ್ರು ನಮ್ಮ ಕಲ್ಲನ್ನು ನೋಡಿಯೇ ಹೇಳಿಬಿಡುತ್ತಿದ್ದರು. ಸಾಕಾಗುವುದಿಲ್ಲ. ಬ್ರೆಜಿಲ್ ದೇಶದ ಸೆರ್ರಾ ದ ಕಪಿವಾರಾ ಎಂಬಲ್ಲಿ ಕಪುಚಿನ್ ಕೋತಿಗಳು ಕಲ್ಲಿಗೆ ಕಲ್ಲು ಕುಟ್ಟುತ್ತವೆ. ಆಗ ಏಳುವ ಚಕ್ಕೆಗಳು ಮನುಷ್ಯ ಎಬ್ಬಿಸಿದ ಚಕ್ಕೆಗಳನ್ನೇ ಹೋಲುತ್ತವೆ ಎಂದು 2016ರಲ್ಲಿ ಸಂಶೋಧಕರು ತೋರಿಸಿದರು. ಕೋತಿಗಳು ಆ ಚಕ್ಕೆಗಳನ್ನು ಬಳಸಿದ್ದು ಕಾಣಲಿಲ್ಲ. ಕಲ್ಲಿನ ಪುಡಿ ನೆಕ್ಕುತ್ತವೆ ಅಷ್ಟೇ. ಅಂದರೆ ಗುರುತು ಒಂದನ್ನೇ ನಂಬುವಂತಿಲ್ಲ. ಕಲ್ಲು ಎಲ್ಲಿತ್ತು, ಯಾರ ಜೊತೆ ಇತ್ತು ಎಂಬುದು ಬೇಕು.

ಇದಕ್ಕೆ ನಮಗೆ ಸಿಕ್ಕ ಒಳ್ಳೆಯ ಉದಾಹರಣೆ ದೂರದ್ದೇನಲ್ಲ. ನಾವು ಅಂದು ಬುತ್ತಿ ಉಂಡ ಸೀಮೆಯದೇ. ಹುಣಸಗಿ ಹತ್ತಿರದ ಇಸಾಂಪುರ, ಈಗಿನ ಯಾದಗಿರಿ ಜಿಲ್ಲೆ.

ಪುಣೆಯ ಡೆಕ್ಕನ್ ಕಾಲೇಜಿನ ಪ್ರೊ. ಕೆ. ಪದ್ದಯ್ಯ ಅವರು ಹುಣಸಗಿ, ಬೈಚಬಾಳ ಕಣಿವೆಗಳನ್ನು ದಶಕಗಟ್ಟಲೆ ಕಾಲ್ನಡಿಗೆಯಲ್ಲಿ ಜಾಲಾಡಿದವರು. ಆ ಭಾಗದಲ್ಲಿ ಹಳೆ ಶಿಲಾಯುಗದ ನೂರಾರು ನೆಲೆಗಳನ್ನು ಗುರುತಿಸಿದರು. ಇಸಾಂಪುರದ ನೆಲೆ ಸಿಕ್ಕಿದ್ದು 1983ರಲ್ಲಿ. ಕಾಲುವೆ ಕೆಲಸಕ್ಕೆಂದು ಮೇಲಿನ ಮಣ್ಣು ತೆಗೆದದ್ದರಿಂದ ಅಡಿಯ ಕಲ್ಲುಗಳು ಬೆಳಕಿಗೆ ಬಂದಿದ್ದವು. 1997ರಿಂದ 2001ರವರೆಗೆ ಅಲ್ಲಿ ಅಗೆತ ನಡೆಯಿತು.

ಅಲ್ಲಿ ಸುಣ್ಣಕಲ್ಲಿನ ಹಾಸು ಇದೆ. ಮನೆಗೆ ಹಾಸುವ ಶಹಾಬಾದ್ ಕಲ್ಲು ಗೊತ್ತಲ್ಲ, ಭೀಮಾ ಸೀಮೆಯ ಅದೇ ಬಳಗದ ಕಲ್ಲು, ಇದು ಇನ್ನೂ ಗಟ್ಟಿ. ಬಿರುಕು ಬಿಟ್ಟು ತಾನಾಗಿಯೇ ಚಪ್ಪಡಿ ಚಪ್ಪಡಿಯಾಗಿ ನಿಂತಿದೆ. ಆ ಕಾಲದವರು ಚಪ್ಪಡಿ ಎಬ್ಬಿಸಿ, ಅಂಚು ಒಡೆದು, ಕೈಗೊಡಲಿ ಮತ್ತು ಅಗಲ ಬಾಯಿಯ ಕಡಿಗಲ್ಲುಗಳನ್ನು ಮಾಡಿದರು. ಒಂದೇ ಮಾತಿನಲ್ಲಿ ಹೇಳಬೇಕೆಂದರೆ ಅದು ಕಲ್ಲಿನ ಗಣಿ ಮತ್ತು ಕಮ್ಮಟ ಒಟ್ಟಿಗೆ. ಅರ್ಧಕ್ಕೆ ಕೈಬಿಟ್ಟ ಚಪ್ಪಡಿ, ತಪ್ಪಾಗಿ ಒಡೆದದ್ದು, ಮುಗಿದದ್ದು, ಸುತ್ತ ಚೆಲ್ಲಿದ ಚಕ್ಕೆ, ಎಲ್ಲ ಅಲ್ಲಲ್ಲೇ ಬಿದ್ದಿದ್ದವು.

ಕಾಲ ಎಷ್ಟು? ಅಲ್ಲೇ ಸಿಕ್ಕ ಮೇವು ತಿನ್ನುವ ಪ್ರಾಣಿಗಳ ಹಲ್ಲಿನ ಹೊಳಪು ಪದರವನ್ನು ಪರೀಕ್ಷೆ ಮಾಡಿದಾಗ ಬಂದ ಲೆಕ್ಕ ಸುಮಾರು 12 ಲಕ್ಷ ವರ್ಷ. ನಮ್ಮಂಥ ಮನುಷ್ಯರು ಹುಟ್ಟಿ ಮೂರು ಲಕ್ಷ ವರ್ಷ ಆಗಿದೆ ಎನ್ನುತ್ತಾರೆ. ಅಂದಮೇಲೆ ಇಸಾಂಪುರದಲ್ಲಿ ಕಲ್ಲೊಡೆದವರು ನಮಗಿಂತ ಹಿಂದಿನ ಬೇರೆ ಜಾತಿಯ ಮಾನವರು. ಅವರ ಒಂದು ಮೂಳೆಯೂ ಅಲ್ಲಿ ಸಿಕ್ಕಿಲ್ಲ. ಅವರ ಬಗ್ಗೆ ಸಾಕ್ಷಿ ಹೇಳಲು ಉಳಿದಿರುವುದು ಕಲ್ಲೇ.

ಈಗ ಸುತ್ತಿಗೆಗಳಿಗೆ ಬರೋಣ. ಆ ಸುಣ್ಣಕಲ್ಲಿನ ಚಪ್ಪಡಿಗಳ ನಡುವೆ ಬೇರೆ ಜಾತಿಯ ಉಂಡೆಗಲ್ಲುಗಳೂ ಸಿಕ್ಕವು. ಬಸಾಲ್ಟ್, ಕ್ವಾರ್ಟ್ಜೈಟ್, ಚರ್ಟ್. ಸುಣ್ಣಕಲ್ಲಿನ ಹಾಸಿನಲ್ಲಿ ಬಸಾಲ್ಟಿನ ಗುಂಡು ತಾನಾಗಿ ಹುಟ್ಟುವುದಿಲ್ಲ. ಒಂದೋ ನೀರು ತಂದಿರಬೇಕು, ಇಲ್ಲವೇ ಕೈ ತಂದಿರಬೇಕು. ನೀರು ತಂದಿದ್ದರೆ, ಮುಷ್ಟಿಗಾತ್ರದ ಗುಂಡನ್ನು ಉರುಳಿಸುವಷ್ಟು ಜೋರಿನ ನೀರು ಉಗುರಿನಷ್ಟು ಸಣ್ಣ ಚಕ್ಕೆಗಳನ್ನು ಅಲ್ಲಿ ಉಳಿಸುತ್ತಿತ್ತೇ? ಗುಡಿಸಿಕೊಂಡು ಹೋಗುತ್ತಿತ್ತು. ಆದರೆ ಸಣ್ಣ ಚಕ್ಕೆಗಳು ಅಲ್ಲೇ ಇವೆ, ಚಪ್ಪಡಿಗಳ ಮಗ್ಗುಲಲ್ಲೇ. ಹಾಗಾಗಿ ಗುಂಡು ಬಂದದ್ದು ಕೈಯಲ್ಲಿ. ಅದರ ತುದಿಯಲ್ಲಿ ಪೆಟ್ಟಿನ ಗುಳಿಗಳು, ಪಕ್ಕದಲ್ಲಿ ಒಡೆದ ಚಪ್ಪಡಿ, ಸುತ್ತ ಚಕ್ಕೆ. ಒಂದೊಂದೇ ಬಿಡಿಯಾಗಿ ಸಿಕ್ಕಿದ್ದರೆ ಯಾವುದಕ್ಕೂ ಬಾಯಿ ಇರುತ್ತಿರಲಿಲ್ಲ.

ಗುಂಡುಗಳನ್ನು ಆ ಮಾನವರು ಆಯ್ದು ತಂದರು ಎಂಬುದೇ ನಮಗೆ ದೊಡ್ಡ ವಿಷಯವಾಗಿ ಕಂಡಿತು. ಕೈಗೊಡಲಿ ಚಂದ ಇದೆ, ನಿಜ. ಆದರೆ ಎದುರಿಗಿರುವ ಕಲ್ಲಿನಿಂದ ಅದೇ ಕಲ್ಲನ್ನು ಒಡೆಯುವ ಬದಲು, ಬೇರೆ ಗಟ್ಟಿ ಕಲ್ಲು ಬೇಕು, ಅದು ಎಲ್ಲಿ ಸಿಗುತ್ತದೆ, ಮೊದಲು ಅಲ್ಲಿಗೆ ಹೋಗಿ ತರೋಣ ಎಂಬ ಯೋಚನೆ ಇದೆಯಲ್ಲ, ಅದು ಕಾಣುವುದು ಕೆತ್ತದ ಆ ಗುಂಡಿನಲ್ಲಿ.

ಸಂಶೋಧಕರು ಅಷ್ಟಕ್ಕೇ ಬಿಡಲಿಲ್ಲ. ಇಸಾಂಪುರದ ಕಲ್ಲನ್ನೇ ತಾವೂ ಕೂತು ಒಡೆದು ನೋಡಿದರು. ಸೆರಿ ಶಿಪ್ಟನ್, ಮೈಕೆಲ್ ಪೆಟ್ರಾಗ್ಲಿಯ ಮತ್ತು ಪದ್ದಯ್ಯ ಅವರು ಆ ಪ್ರಯೋಗದ ಬಗ್ಗೆ 2009ರಲ್ಲಿ ಬರೆದಿದ್ದಾರೆ. ತಾವು ಒಡೆದಾಗ ಬಿದ್ದ ಚಕ್ಕೆಗಳನ್ನು ಹಳೆಯ ಚಕ್ಕೆಗಳ ಪಕ್ಕ ಇಟ್ಟು ಹೋಲಿಸಿದರೆ ಕೆಲಸ ಯಾವ ಕ್ರಮದಲ್ಲಿ ನಡೆಯಿತೆಂದು ಅಂದಾಜಿಗೆ ಬರುತ್ತದೆ. ರೊಟ್ಟಿ ಬಡಿದು ಗೊತ್ತಿದ್ದವರಿಗೆ ಮಾತ್ರ ಇನ್ನೊಬ್ಬರ ರೊಟ್ಟಿ ಎಲ್ಲಿ ಹರಿಯಿತು ಎಂದು ತಿಳಿಯುವ ಹಾಗೆ.

ಭಾರತದಲ್ಲಿ ಇಂಥ ಕಲ್ಲುಗಳತ್ತ ಮೊದಲು ಎಲ್ಲರ ಗಮನ ಸೆಳೆದವರು ರಾಬರ್ಟ್ ಬ್ರೂಸ್ ಫೂಟ್. ಭೂಗರ್ಭ ಸರ್ವೆ ಇಲಾಖೆಯ ಅಧಿಕಾರಿ. 1863ರ ಮೇ 30ರಂದು ಮದರಾಸಿನ ಹತ್ತಿರದ ಪಲ್ಲಾವರಂನಲ್ಲಿ ಅವರಿಗೆ ಕೈಗೊಡಲಿ ಸಿಕ್ಕಿತು. ಮುಂದೆ ನಮ್ಮ ಬಳ್ಳಾರಿ, ರಾಯಚೂರು ಸೀಮೆಯಲ್ಲೂ ಓಡಾಡಿದರು. ಬಳ್ಳಾರಿ ಪಕ್ಕದ ಸಂಗನಕಲ್ಲು, ಕಪ್ಪಗಲ್ಲು ಗುಡ್ಡದಲ್ಲಿ ಕಲ್ಲುಕೊಡಲಿ ಮಾಡುವ ಜಾಗವನ್ನು ಗುರುತಿಸಿದ್ದೂ ಅವರೇ.

ಸಂಗನಕಲ್ಲಿನದು ಬೇರೆಯೇ ಕಾಲ. ಇಸಾಂಪುರದ ಲಕ್ಷಗಳ ಲೆಕ್ಕ ಬಿಟ್ಟು ಈಚೆಗೆ ಬಂದರೆ, ನಾಲ್ಕು ಸಾವಿರ, ಮೂರು ಸಾವಿರ ವರ್ಷದ ಹಿಂದಿನ ನವಶಿಲಾಯುಗ. ಇವರು ನಮ್ಮಂಥವರೇ. ದನ, ಕುರಿ ಸಾಕಿದ್ದರು. ಅವರ ನೆಲೆಯ ಮಣ್ಣನ್ನು ನೀರಿನಲ್ಲಿ ಕದಡಿ ಸೋಸಿದಾಗ ಸುಟ್ಟು ಕರಿಕಾದ ಕಾಳುಗಳು ಸಿಕ್ಕಿವೆ. ಹುರುಳಿ, ಹೆಸರು, ಕೊರಲೆ. ಈಚೆಗೆ ಸಿರಿಧಾನ್ಯ ಮೇಳದಲ್ಲಿ ಪ್ಯಾಕೆಟ್ ಕಟ್ಟಿ ಮಾರುತ್ತಾರಲ್ಲ, ಅದೇ ಕೊರಲೆ.

ಅಲ್ಲಿನ ಹಿರೇಗುಡ್ಡದಲ್ಲಿ ಡೊಲೆರೈಟ್ ಎಂಬ ಕಪ್ಪು ಕಲ್ಲಿನ ಪಟ್ಟೆ ಹಾದುಹೋಗಿದೆ. ಅದನ್ನು ಒಡೆದು ಕೊಡಲಿಯ ಆಕಾರಕ್ಕೆ ತಂದು, ಆಮೇಲೆ ಬಂಡೆಗೆ ತಿಕ್ಕಿ ನಯ ಮಾಡುತ್ತಿದ್ದರು. ಹಾಗೆ ತಿಕ್ಕಿದ ಬಂಡೆಗಳು ಇಂದಿಗೂ ಇವೆ. ದೋಣಿಯ ಹಾಗೆ ಉದ್ದಕ್ಕೆ, ಅಗಲವಾಗಿ, ನುಣ್ಣಗೆ ತಗ್ಗಾದ ಗುಳಿಗಳು. ಬಂಡೆಯನ್ನು ಯಾರೂ ಕೆತ್ತಿಲ್ಲ, ತಿಕ್ಕಿ ತಿಕ್ಕಿ ತಗ್ಗಾಗಿದೆ ಅಷ್ಟೇ. ಕುರುಬರೋ ರೈತರೋ ಕುಡುಗೋಲು ಮಸೆದ ಗುರುತೂ ಬಂಡೆಗಳ ಮೇಲೆ ಇರುತ್ತದೆ, ಆದರೆ ಕಬ್ಬಿಣ ಮಸೆದ ಗೆರೆ ಸಾಮಾನ್ಯವಾಗಿ ಕಿರಿದು, ತಳ ಚೂಪು. ಕಲ್ಲುಕೊಡಲಿ ತಿಕ್ಕಿದ ತಗ್ಗು ಅಗಲ, ತಳ ಗುಂಡಗೆ. ಧಾನ್ಯ ಅರೆದ ಕಲ್ಲಾದರೆ ಇನ್ನೂ ಬೇರೆ. ಮೇಲಿನ ಕೈಗಲ್ಲನ್ನು ಹಿಂದೆ ಮುಂದೆ ಎಳೆದು ಎಳೆದು ಅಡಿಗಲ್ಲು ಕುದುರೆ ಜೀನಿನಂತೆ ನಡು ಬಗ್ಗಿರುತ್ತದೆ. ಕೈಗಲ್ಲಿನ ಒಂದು ಮುಖ ಚಪ್ಪಟೆಯಾಗಿರುತ್ತದೆ. ನಮ್ಮ ದುಂಡನೆಯ ಬೀಸುಕಲ್ಲು ಬಂದದ್ದು ಬಹಳ ತಡವಾಗಿ.

ಒಂದು ಎಚ್ಚರ. ಇಂಥ ತಗ್ಗು ಕಂಡ ಕೂಡಲೇ ಶಿಲಾಯುಗದ್ದು ಎನ್ನಬಾರದು. ಬಂಡೆಯ ಮೇಲೆ ಅರಿಶಿನ ಅರೆದವರು, ಔಷಧಿ ಕುಟ್ಟಿದವರು ನಮ್ಮ ಅಜ್ಜಿಯರ ಕಾಲದಲ್ಲೂ ಇದ್ದರು. ತಗ್ಗು ಒಂದೇ ತನ್ನ ವಯಸ್ಸು ಹೇಳುವುದಿಲ್ಲ. ಸುತ್ತ ಹಳೆಯ ಮಡಕೆ ಚೂರು, ಬೂದಿ ಮಣ್ಣು, ಅರ್ಧ ಕೆತ್ತಿದ ಕೊಡಲಿ ಇದ್ದರೆ ಆಗ ಮಾತಾಡಬಹುದು.

ಆ ಗುಡ್ಡದ ಇನ್ನೊಂದು ಸೋಜಿಗವನ್ನು ಹೇಳದೆ ಇರಲಾಗದು. ಅಲ್ಲಿನ ಕೆಲವು ಡೊಲೆರೈಟ್ ಗುಂಡುಗಳನ್ನು ಕಲ್ಲಿನಿಂದ ಬಡಿದರೆ ಗಂಟೆಯಂತೆ ಠಣ್ ಎನ್ನುತ್ತವೆ. ಫಾಸೆಟ್ ಎಂಬ ಅಧಿಕಾರಿ 1892ರಲ್ಲೇ ಇದನ್ನು ಬರೆದಿದ್ದರು, ಆಮೇಲೆ ಹೊರಗಿನವರು ಮರೆತರು. ಈ ಶತಮಾನದ ಮೊದಲ ವರ್ಷಗಳಲ್ಲಿ ನಿಕೋಲ್ ಬಾಯ್ವಿನ್ ಮತ್ತೆ ಅವನ್ನು ಹುಡುಕಿ 2004ರಲ್ಲಿ ವಿವರ ಪ್ರಕಟಿಸಿದರು. ಆ ಗುಂಡುಗಳ ಮೇಲೆ ಕೆಲವೇ ಜಾಗಗಳಲ್ಲಿ ಬಡಿದು ಬಡಿದು ನುಣುಪಾದ ತಗ್ಗುಗಳಿವೆ. ಚಿತ್ರ ಬಿಡಿಸಲು ಬಡಿದದ್ದಲ್ಲ, ಒಡೆಯಲು ಬಡಿದದ್ದಲ್ಲ. ಅಲ್ಲೇ ಹೊಡೆದರೆ ನಾದ ಬರುತ್ತದೆ. ಮತ್ತೆ ಅದೇ ರೂಢಿ, ಒಂದೇ ಜಾಗ, ಸಾವಿರ ಪೆಟ್ಟು.

ಸೋಪಿನ ವಿಷಯ ಬಾಕಿ ಉಳಿಯಿತು. ಅರೆಯುವ ಕಲ್ಲಿನ ಸಣ್ಣ ಗುಳಿಗಳಲ್ಲಿ ಹಿಟ್ಟಿನ ಕಣ ಸಾವಿರಾರು ವರ್ಷ ಉಳಿಯಬಲ್ಲದು. ಇಟಲಿಯ ಬಿಲಾಂಚಿನೋದಲ್ಲಿ ಸಿಕ್ಕ ಸುಮಾರು 30,000 ವರ್ಷದ ಹಿಂದಿನ ಅರೆಯುವ ಕಲ್ಲಿನಲ್ಲಿ ಕೆರೆಯಂಚಿನ ಜೊಂಡಿನಂಥ ಗಿಡದ ಹಿಟ್ಟಿನ ಕಣಗಳನ್ನು ಸೂಕ್ಷ್ಮದರ್ಶಕದಲ್ಲಿ ಕಂಡಿದ್ದಾರೆ. ಬೇಸಾಯ ಹುಟ್ಟುವ ಎಷ್ಟೋ ಮೊದಲೇ ಜನ ಹಿಟ್ಟು ಮಾಡುತ್ತಿದ್ದರು ಎಂಬುದಕ್ಕೆ ಅದು ಸಾಕ್ಷಿಯಾಯಿತು. ಆ ಕಲ್ಲು ಸಿಕ್ಕ ದಿನ ಯಾರಾದರೂ ನಮ್ಮ ಹಾಗೆ ಬ್ರಷ್ ಹಿಡಿದಿದ್ದರೆ ಕಥೆ ಮುಗಿಯುತ್ತಿತ್ತು. ನಮ್ಮ ಕಲ್ಲಿನ ಗುಳಿಗಳಲ್ಲಿ ಏನಿತ್ತೋ, ಅದು ಬಚ್ಚಲಿಗೆ ಹೋಯಿತು.

ಬಚ್ಚಲಿಗೆ ಹೋದದ್ದು ಒಂದು ಕಲ್ಲಿನದು. ಗುಡ್ಡಕ್ಕೆ ಗುಡ್ಡವೇ ಹೋಗುವುದೂ ಇದೆ. ಸಂಗನಕಲ್ಲು, ಕಪ್ಪಗಲ್ಲು ಗುಡ್ಡಗಳಲ್ಲಿ ಜಲ್ಲಿಗಾಗಿ, ಕಟ್ಟಡದ ಕಲ್ಲಿಗಾಗಿ ಬಂಡೆ ಒಡೆದು ಕೊಡಲಿ ಕಮ್ಮಟದ ಭಾಗಗಳೂ ಬಂಡೆಚಿತ್ರಗಳೂ ಹಾಳಾಗಿವೆ. ಪ್ರೊ. ರವಿ ಕೋರಿಶೆಟ್ಟರ್ ಮತ್ತು ಜೊತೆಗಾರರು ಅಲ್ಲಿ ಕೆಲಸ ಮಾಡುವಾಗ ಗಣಿಗಾರಿಕೆಯ ಜೊತೆ ಪೈಪೋಟಿಗೆ ಬಿದ್ದ ಹಾಗೆ ದಾಖಲೆ ಮಾಡಬೇಕಾಯಿತು. ಕಲ್ಲೊಡೆಯುವ ಕೂಲಿಯವರನ್ನು ಬೈದು ಪ್ರಯೋಜನವಿಲ್ಲ, ಅವರ ಹೊಟ್ಟೆಪಾಡು ಅದು. ಯಾವ ಗುಡ್ಡಕ್ಕೆ ಲೈಸೆನ್ಸ್ ಕೊಡಬೇಕು, ಯಾವುದಕ್ಕೆ ಕೊಡಬಾರದು ಎಂದು ನೋಡಬೇಕಾದವರು ಬೇರೆ ಇದ್ದಾರೆ. ಅಲ್ಲಿಂದ ತಂದ ಎಷ್ಟೋ ವಸ್ತುಗಳನ್ನು ಬಳ್ಳಾರಿಯ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ವಸ್ತುಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ. ಬಳ್ಳಾರಿಗೆ ಹೋದರೆ ನೋಡಿ, ಮಕ್ಕಳನ್ನೂ ಕರೆದುಕೊಂಡು ಹೋಗಿ.

ನಿಮ್ಮ ಹೊಲದಲ್ಲಿ ಅನುಮಾನ ಬರುವಂಥ ಕಲ್ಲು ಕಂಡರೆ ಎತ್ತಬೇಡಿ. ನಿಮ್ಮ ಕೈಯಲ್ಲಿ ಫೋನ್ ಇದೆ, ಅದು ನಮ್ಮ ಬ್ಯಾಗಿಗಿಂತ ಮೇಲು. ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯವನ್ನೋ ಪೆನ್ನನ್ನೋ ಇಟ್ಟು ಹತ್ತಿರದಿಂದ ಒಂದು ಫೋಟೋ, ಹೊಲದ ಮರವೋ ಬದುವೋ ಕಾಣುವ ಹಾಗೆ ದೂರದಿಂದ ಒಂದು ಫೋಟೋ. ಲೊಕೇಶನ್ ಆನ್ ಇರಲಿ. ಅದನ್ನು ರಾಜ್ಯದ ಪುರಾತತ್ವ ಇಲಾಖೆಯ ಕಚೇರಿಗೋ, ಹತ್ತಿರದ ವಿಶ್ವವಿದ್ಯಾಲಯದ ಇತಿಹಾಸ ವಿಭಾಗಕ್ಕೋ ಮುಟ್ಟಿಸಿ. ನೂರಕ್ಕೆ ತೊಂಬತ್ತು ಸಲ ಅದು ಬರೀ ಕಲ್ಲೇ ಆಗಿರುತ್ತದೆ, ಅದಕ್ಕೆ ನಾಚಿಕೊಳ್ಳಬೇಕಾಗಿಲ್ಲ.

ಮೇಷ್ಟ್ರ ಮಾತು ಕೇಳಿದ ಮೇಲೆ ನಾವು ಆ ಹೊಲ ಹುಡುಕಿಕೊಂಡು ಮತ್ತೆ ಹೋಗಿದ್ದೆವು. ಬೇವಿನ ಮರದ ಗುರುತಿನಿಂದ ಜಾಗ ಸಿಕ್ಕಿತು. ಕೊರಕಲು ಸಿಗಲಿಲ್ಲ. ಹೊಲದವರು ಜೆಸಿಬಿ ತರಿಸಿ ಮಣ್ಣು ತುಂಬಿ ಮಟ್ಟ ಮಾಡಿಸಿದ್ದರು. ಹತ್ತಿ ಹಾಕಿದ್ದರು, ಆಗಲೇ ಮೊಳಕಾಲುದ್ದ ಬಂದಿತ್ತು. ಏನು ಹುಡುಕುತ್ತಿದ್ದೀರಿ ಎಂದು ಆ ಯಜಮಾನರು ಕೇಳಿದರು, ಕಲ್ಲು ಎಂದೆವು. ಬದುವಿನ ಕಡೆ ಕೈ ತೋರಿಸಿ, ಬೇಕಾದಷ್ಟು ಅದಾವ ನೋಡ್ರಿ, ಒಯ್ರಿ ಅಂದರು.

ನಮ್ಮ ಕಲ್ಲು ಈಗಲೂ ನಮ್ಮ ಬಳಿಯೇ ಇದೆ. ಕಾಗದ ಹಾರದಂತೆ ಮೇಲಿಡುತ್ತೇವೆ. ಅಡಿಯಲ್ಲಿ ಸ್ಕೆಚ್ ಪೆನ್ನಿನಲ್ಲಿ ಊರಿನ ಹೆಸರು, ವರ್ಷ ಬರೆದಿದ್ದೇವೆ. ಸರ್ವೆ ನಂಬರ್ ಗೊತ್ತಿಲ್ಲ.